ಮೆಟ್ಟಿಲ ಕೆಳಗಿನ ಗಿರಣಿ: ಸಿಸಿ ಕ್ಯಾಮೆರಾ ಕಂಪ್ಯೂಟರಿನ ಪ್ರೊಸೆಸರ್ ಹೊರೆ ಇಳಿಸುವ ಬಗೆ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಅವ್ವ ಅಡುಗೆಮನೆಯಿಂದ ಹೊರಬಂದು, "ಏನಪ್ಪಾ, ಮೆಟ್ಟಿಲ ಕೆಳಗೆ ಗಿರಣಿ ಹಾಕಿಸಿದ್ದೀಯಾ?" ಎಂದು ಕೇಳಿದಳು. ಅವಳಿಗೆ ಕೇಳಿಸಿದ್ದು ನಮ್ಮ ಮನೆಯ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಹಳೆಯ ಡೆಸ್ಕ್‌ಟಾಪಿನ ಫ್ಯಾನ್ ಸದ್ದು. ಹೊರಗೆ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿತ್ತು, ಒಳಗೆ ಪ್ರೊಸೆಸರ್ ಬಳಕೆ ಶೇ 95ರ ಆಸುಪಾಸಿನಲ್ಲಿತ್ತು. ಸದ್ದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಅದೇ ವಾರ ಅಂಗಳದ ಹಿತ್ತಾಳೆ ನಲ್ಲಿಯನ್ನು ಯಾರೋ ತಿರುಗಿಸಿಕೊಂಡು ಹೋದರು. ರೆಕಾರ್ಡಿಂಗ್ ತೆಗೆದು ನೋಡಿದರೆ ಗೇಟು ಅಲುಗುವವರೆಗೆ ಚಿತ್ರ ಸರಿಯಾಗಿತ್ತು. ಆಮೇಲೆ ಮುಕ್ಕಾಲು ನಿಮಿಷ ಪರದೆ ಕಲ್ಲಾಗಿ ನಿಂತಿತ್ತು. ಮತ್ತೆ ಚಲಿಸಿದಾಗ ನಲ್ಲಿ ಇದ್ದ ಜಾಗದಿಂದ ನೀರು ಚಿಮ್ಮುತ್ತಿತ್ತು. ಐದು ಕ್ಯಾಮೆರಾ ಇದ್ದೂ ಕಳ್ಳನ ಬೆನ್ನು ಕೂಡ ಸಿಗಲಿಲ್ಲ.

ಹೊಸ ಕಂಪ್ಯೂಟರ್ ಕೊಳ್ಳಲು ಹಣ ಎತ್ತಿಟ್ಟಿದ್ದೆ, ಕೊಳ್ಳಲಿಲ್ಲ. ಅದೇ ಡೆಸ್ಕ್‌ಟಾಪ್, 6ನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, ಇಂದಿಗೂ ಅದೇ ಮೆಟ್ಟಿಲ ಕೆಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಬದಲಾಗಿದ್ದು ಸೆಟ್ಟಿಂಗ್ ಮಾತ್ರ. ಏನೇನು ಬದಲಿಸಿದೆ, ಯಾವ ಕ್ರಮದಲ್ಲಿ, ಯಾಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಮನೆಯಲ್ಲಿ ಇರುವುದು ವಿಂಡೋಸ್, ಅದರ ಮೇಲೆ ಬ್ಲೂ ಐರಿಸ್ ಎಂಬ ಕ್ಯಾಮೆರಾ ತಂತ್ರಾಂಶ. ನನ್ನ ಮಾಮಾನ ಮನೆಯಲ್ಲಿ ಲಿನಕ್ಸ್ ಮೇಲೆ ಫ್ರಿಗೇಟ್ ಎಂಬ ಅಂಥದ್ದೇ ಇನ್ನೊಂದು. ಎರಡರಲ್ಲೂ ಕೈಯಾಡಿಸಿದ್ದರಿಂದ ಎರಡರ ಮಾತೂ ಬರುತ್ತದೆ. ಬೇರೆ ತಂತ್ರಾಂಶ ಬಳಸುವವರಿಗೂ ತತ್ವ ಒಂದೇ, ಗುಂಡಿಗಳ ಹೆಸರು ಮಾತ್ರ ಬೇರೆ.

ಚೀಲ ಹೊರುವುದು, ಕಾಳು ನೋಡುವುದು

ಸೆಟ್ಟಿಂಗ್‌ಗೆ ಕೈ ಹಾಕುವ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ಇದು ಕೂತರೆ ಮಿಕ್ಕಿದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ನಮ್ಮ ಗಂಜ್‌ನಲ್ಲಿ ತೊಗರಿ ಸುಗ್ಗಿಯ ದಿನಗಳನ್ನು ನೆನಪಿಸಿಕೊಳ್ಳಿ. ಲಾರಿಯಿಂದ ಇಳಿದ ಚೀಲವನ್ನು ಹಮಾಲಿ ಬೆನ್ನ ಮೇಲೆ ಹೊತ್ತು ಗೋದಾಮಿನಲ್ಲಿ ಒಟ್ಟುತ್ತಾನೆ. ಬಾಯಿ ಹೊಲಿದ ಚೀಲ, ಒಳಗೇನಿದೆ ಎಂದು ಅವನು ನೋಡುವುದಿಲ್ಲ. ದಿನಕ್ಕೆ ನೂರಾರು ಚೀಲ ಸಾಗಿಸುತ್ತಾನೆ. ಅದೇ ಹಮಾಲಿಗೆ ಪ್ರತಿ ಚೀಲದ ಹೊಲಿಗೆ ಬಿಚ್ಚಿ, ಕಾಳನ್ನು ನೆಲಕ್ಕೆ ಸುರಿದು, ಒಂದೊಂದೇ ಕಾಳು ನೋಡಿ, ಮತ್ತೆ ತುಂಬಿ ಹೊಲಿದು ಒಟ್ಟು ಎಂದು ಹೇಳಿದರೆ ಏನಾದೀತು?

ಕ್ಯಾಮೆರಾ ಕಳುಹಿಸುವ ವಿಡಿಯೋ ಆ ಹೊಲಿದ ಚೀಲ. ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ಒತ್ತಿ ತುಂಬಿದ ಚಿತ್ರಗಳು ಅದರಲ್ಲಿವೆ. ತುಂಬುವ ಕೆಲಸವನ್ನು ಕ್ಯಾಮೆರಾದೊಳಗಿನ ಚಿಪ್ ಆಗಲೇ ಮುಗಿಸಿರುತ್ತದೆ. ಬಂದ ಹಾಗೆಯೇ ಹಾರ್ಡ್ ಡಿಸ್ಕ್‌ಗೆ ಬರೆಯುವುದಕ್ಕೆ ಪ್ರೊಸೆಸರ್ ಬೆವರು ಸುರಿಸಬೇಕಾಗಿಲ್ಲ. ಐದು ಕ್ಯಾಮೆರಾ ಸೇರಿದರೂ ಸೆಕೆಂಡಿಗೆ ಎರಡೂವರೆ ಎಂಬಿ, ಹಳೆಯ ಡಿಸ್ಕ್‌ಗೂ ಅದು ಯಾವ ಲೆಕ್ಕ? ಬೆವರು ಇಳಿಯುವುದು ಚೀಲ ಬಿಚ್ಚಿದಾಗ, ಎಂದರೆ ಡಿಕೋಡ್ ಮಾಡಿದಾಗ. ಬಿಚ್ಚಿದ್ದನ್ನು ಮತ್ತೆ ತುಂಬಿಸಿದರೆ, ಎಂದರೆ ಮರು-ಎನ್‌ಕೋಡ್ ಮಾಡಿದರೆ, ಹೊರೆ ಇನ್ನೂ ಭಾರ.

ಲೆಕ್ಕ ಹಾಕಿ ನೋಡಿ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 2560×1440, ಸುಮಾರು 37 ಲಕ್ಷ ಚುಕ್ಕೆಗಳು. ಸೆಕೆಂಡಿಗೆ 25 ಚಿತ್ರವೆಂದರೆ 9 ಕೋಟಿ 21 ಲಕ್ಷ ಚುಕ್ಕೆ. ಐದು ಕ್ಯಾಮೆರಾಕ್ಕೆ 46 ಕೋಟಿ. ನಡುರಾತ್ರಿ ಖಾಲಿ ಅಂಗಳದಲ್ಲಿ ಏನೂ ನಡೆಯದಿದ್ದಾಗಲೂ ನನ್ನ ಐ5 ಪ್ರತಿ ಸೆಕೆಂಡ್ 46 ಕೋಟಿ ಚುಕ್ಕೆಗಳನ್ನು ಬಿಚ್ಚಿ ನೋಡುತ್ತಿತ್ತು. ಅದರ ಬದಲು 640×360 ಗಾತ್ರದ ಸಣ್ಣ ಚಿತ್ರವನ್ನು ಸೆಕೆಂಡಿಗೆ 5ರಂತೆ ನೋಡಿದರೆ ಐದು ಕ್ಯಾಮೆರಾಕ್ಕೂ ಸೇರಿ 58 ಲಕ್ಷದ ಒಳಗೆ. ಸರಿಯಾಗಿ ಎಂಬತ್ತರಲ್ಲಿ ಒಂದು ಪಾಲು. ಗಂಜ್‌ನ ವ್ಯಾಪಾರಿ ಚೀಲಕ್ಕೆ ಸಲಾಕೆ ಚುಚ್ಚಿ ಹಿಡಿ ಕಾಳು ತೆಗೆದು ಅಂಗೈಯಲ್ಲಿ ನೋಡುತ್ತಾನಲ್ಲ, ಅದೇ ಜಾಣತನ.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂದು ನೋಡಿ. ಕ್ಯಾಮೆರಾ ತಂತ್ರಾಂಶವೇ ಮೇಲಿದ್ದರೆ ಈ ಬರಹದ ಮೊದಲ ಭಾಗ ನಿಮಗೆ. ಆಂಟಿವೈರಸ್ ಅಥವಾ ವಿಂಡೋಸ್ ಸರ್ಚ್ ಮೇಲಿದ್ದರೆ ಕೆಳಗೆ ಆ ಭಾಗಕ್ಕೆ ಹಾರಿ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಎಚ್‌ಟಾಪ್ ಇದೆ. ಅದರಲ್ಲಿ ಕಾಣುವ ಲೋಡ್ ಆವರೇಜ್ ಎಂಬ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಡಿಸ್ಕ್‌ಗಾಗಿ ಕಾಯುತ್ತಿರುವ ಕೆಲಸಗಳೂ ಅದರಲ್ಲಿ ಸೇರಿರುತ್ತವೆ, ಪ್ರೊಸೆಸರ್ ಬಿಡುವಾಗಿದ್ದರೂ ಅದು ಏರಬಹುದು.

ಮೂರು ಹೊತ್ತು ಬರೆದಿಡಿ: ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಬಳಕೆಯ ಶೇಕಡಾವಾರಿನ ಜೊತೆಗೆ ಪ್ರೊಸೆಸರಿನ ವೇಗವನ್ನೂ ಬರೆಯಿರಿ, ಅದು ಗಿಗಾಹರ್ಟ್ಜ್‌ನಲ್ಲಿ ಅಲ್ಲೇ ಇರುತ್ತದೆ. ಯಾಕೆಂದು ಬಿಸಿಲಿನ ಮಾತು ಬಂದಾಗ ಹೇಳುತ್ತೇನೆ. ಆಮೇಲೆ ಒಂದೊಂದೇ ಕ್ಯಾಮೆರಾವನ್ನು ತಂತ್ರಾಂಶದಲ್ಲಿ ಎರಡೆರಡು ನಿಮಿಷ ನಿಲ್ಲಿಸಿ, ಹೊರೆ ಎಷ್ಟು ಇಳಿಯುತ್ತದೆ ನೋಡಿ. ನನ್ನ ಮನೆಯಲ್ಲಿ ನಾಲ್ಕು ಕ್ಯಾಮೆರಾ ಹೆಚ್ಚುಕಡಿಮೆ ಸಮ ಪಾಲು ತಿನ್ನುತ್ತಿದ್ದವು. ಹಿಂದಿನ ಓಣಿಯದ್ದು ಮಾತ್ರ ಒಂದೂವರೆ ಪಟ್ಟು. ಕಾರಣ ಬೇವಿನ ಮರ.

ಒಂದು ಬದಲಾವಣೆ, ಒಂದು ಅಳತೆ. ಉತ್ಸಾಹದಲ್ಲಿ ಒಂದೇ ಸಂಜೆ ಹತ್ತು ಕಡೆ ತಿರುಚಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಹಣೆಬರಹಕ್ಕೇ ಗೊತ್ತು.

ಒಂದನೇ ಹೆಜ್ಜೆ: ಬಂದದ್ದನ್ನು ಬಂದ ಹಾಗೆ ಬರೆಯಿರಿ

ಬ್ಲೂ ಐರಿಸ್‌ನಲ್ಲಿ ಪ್ರತಿ ಕ್ಯಾಮೆರಾದ ಸೆಟ್ಟಿಂಗ್ ತೆರೆದು, ರೆಕಾರ್ಡ್ ವಿಭಾಗದಲ್ಲಿ ಕಡತದ ಮಾದರಿ ಆಯ್ಕೆಗೆ ಹೋಗಿ. ಅಲ್ಲಿ ಡೈರೆಕ್ಟ್-ಟು-ಡಿಸ್ಕ್ ಎಂಬುದನ್ನು ಆರಿಸಿ. ನಾನು ಮಾಡಿಕೊಂಡಿದ್ದ ತಪ್ಪು ಇಲ್ಲೇ ಇತ್ತು. ಚಿತ್ರದ ಮೂಲೆಯಲ್ಲಿ ದಿನಾಂಕ, ಸಮಯ ಮತ್ತು ಮನೆಯ ಹೆಸರು ಅಂದವಾಗಿ ಕಾಣಲೆಂದು ತಂತ್ರಾಂಶದಿಂದ ಅಕ್ಷರ ಬರೆಸುತ್ತಿದ್ದೆ. ಚಿತ್ರದ ಮೇಲೆ ಒಂದಕ್ಷರ ಬರೆಯಬೇಕೆಂದರೂ ಚೀಲ ಬಿಚ್ಚಲೇಬೇಕು, ಬರೆದ ಮೇಲೆ ಮತ್ತೆ ಹೊಲಿಯಲೇಬೇಕು. ಮೂಲೆಯ ಆ ನಾಲ್ಕು ಅಕ್ಷರದ ಚಂದಕ್ಕೆ ಇಡೀ ಪ್ರೊಸೆಸರ್ ದುಡಿಯುತ್ತಿತ್ತು. ದಿನಾಂಕ-ಸಮಯವನ್ನು ಕ್ಯಾಮೆರಾದ ಸ್ವಂತ ಸೆಟ್ಟಿಂಗ್ ಪುಟದಲ್ಲಿ ಹಾಕಿ. ಅಲ್ಲಿ ಅದು ಪುಕ್ಕಟೆ.

ಫ್ರಿಗೇಟ್ ಬಳಸುವವರು ಈ ಹೆಜ್ಜೆಯನ್ನು ದಾಟಬಹುದು. ಅದು ರೆಕಾರ್ಡಿಂಗನ್ನು ಮೊದಲಿನಿಂದಲೂ ಹಾಗೆಯೇ ನಕಲಿಸಿ ಬರೆಯುತ್ತದೆ. ಸೆಟ್ಟಿಂಗ್ ಕಡತದಲ್ಲಿ ಯಾರೋ ಹೇಳಿದರೆಂದು ಬೇರೆ ಔಟ್‌ಪುಟ್ ಸಾಲು ಸೇರಿಸಿದ್ದರೆ ಮಾತ್ರ ಒಮ್ಮೆ ನೋಡಿಕೊಳ್ಳಿ.

ಎರಡನೇ ಹೆಜ್ಜೆ: ಕ್ಯಾಮೆರಾದ ಒಳಗೆ ಹೋಗಿ

ಜನ ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ, ಕ್ಯಾಮೆರಾದ ಪುಟ ತೆರೆಯುವುದೇ ಇಲ್ಲ. ಆದರೆ ಹೊರೆ ಹುಟ್ಟುವುದು ಅಲ್ಲಿ. ಬ್ರೌಸರ್‌ನಲ್ಲಿ ಕ್ಯಾಮೆರಾದ ಐಪಿ ವಿಳಾಸ ಹೊಡೆದು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ವಿಡಿಯೋ ವಿಭಾಗ ತೆರೆಯಿರಿ. ಅಲ್ಲಿ ಎರಡು ಹೊಳೆ ಕಾಣುತ್ತವೆ: ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್. ಮೇನ್ ಎಂದರೆ ರೆಕಾರ್ಡಿಂಗ್‌ಗೆ ಹೋಗುವ ದೊಡ್ಡ ಚಿತ್ರ. ಸಬ್ ಎಂದರೆ ಅದೇ ದೃಶ್ಯದ ಸಣ್ಣ ಪ್ರತಿ. ಎರಡೂ ಏಕಕಾಲಕ್ಕೆ ಹರಿಯುತ್ತವೆ.

ಮೇನ್ ಸ್ಟ್ರೀಮ್‌ನಲ್ಲಿ ಸೆಕೆಂಡಿಗೆ 25 ಚಿತ್ರವನ್ನು 15ಕ್ಕೆ ಇಳಿಸಿ. ಮನುಷ್ಯ ನಡೆದುಹೋಗುವುದನ್ನು ಗುರುತಿಸಲು 15 ಧಾರಾಳ. ರಸ್ತೆಯ ಕಡೆ ಮುಖ ಮಾಡಿ ವಾಹನದ ನಂಬರು ಹಿಡಿಯಬೇಕಾದ ಕ್ಯಾಮೆರಾಕ್ಕೂ ಚಿತ್ರಗಳ ಸಂಖ್ಯೆ ಏರಿಸಬೇಡಿ, ಶಟರ್ ವೇಗ ಏರಿಸಿ. ಚಿತ್ರ ಮಸುಕಾಗುವುದು ಶಟರ್ ನಿಧಾನವಾದಾಗ. ಬಿಟ್‌ರೇಟನ್ನು 4 ಎಂಬಿಪಿಎಸ್, ಎಂದರೆ ಸೆಕೆಂಡಿಗೆ 4 ಮೆಗಾಬಿಟ್, ಇಟ್ಟರೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ಬರೆಯುತ್ತದೆ. ಐದಕ್ಕೆ 216 ಜಿಬಿ, 2 ಟಿಬಿ ಡಿಸ್ಕ್‌ನಲ್ಲಿ ಒಂಬತ್ತು ದಿನದ ದಾಖಲೆ. ನನಗೆ ಸಾಕು.

ಐ-ಫ್ರೇಮ್ ಅಂತರ ಎಂಬ ಒಂದು ಅಂಕಿ ಅಲ್ಲಿರುತ್ತದೆ, ಬಹಳ ಮಂದಿ ಮುಟ್ಟುವುದಿಲ್ಲ. ಒತ್ತಿ ತುಂಬಿದ ವಿಡಿಯೋದಲ್ಲಿ ಕೆಲವು ಚಿತ್ರಗಳು ಮಾತ್ರ ಪೂರ್ಣ. ನಡುವಿನವು "ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ" ಎಂಬ ಟಿಪ್ಪಣಿಗಳು. ಪೂರ್ಣ ಚಿತ್ರ ಎಷ್ಟಕ್ಕೊಮ್ಮೆ ಬರಬೇಕೆಂದು ಹೇಳುವುದು ಈ ಅಂಕಿ. ಇದನ್ನು ಸೆಕೆಂಡಿನ ಚಿತ್ರಗಳ ಸಂಖ್ಯೆಗೆ ಸಮ ಮಾಡಿ: 15 ಚಿತ್ರವಾದರೆ 15. ಆಗ ಸೆಕೆಂಡಿಗೊಂದು ಪೂರ್ಣ ಚಿತ್ರ ಬರುತ್ತದೆ. ಇದರಿಂದ ರೆಕಾರ್ಡಿಂಗ್ ಸರಿಯಾದ ಕ್ಷಣದಲ್ಲಿ ಆರಂಭವಾಗುತ್ತದೆ, ಮುಂದೆ ಹೇಳುವ ಇನ್ನೊಂದು ಉಪಾಯಕ್ಕೂ ದಾರಿ ಸಿಗುತ್ತದೆ. ಎಚ್.264 ಪ್ಲಸ್, ಎಚ್.265 ಪ್ಲಸ್, ಸ್ಮಾರ್ಟ್ ಕೊಡೆಕ್ ಎಂಬ ಹೆಸರಿನ ಗುಂಡಿಗಳನ್ನೆಲ್ಲ ಆಫ್ ಮಾಡಿಬಿಡಿ. ಅವು ಡಿಸ್ಕ್ ಉಳಿಸಲು ಪೂರ್ಣ ಚಿತ್ರಗಳ ಅಂತರವನ್ನು ಮನಸ್ಸಿಗೆ ಬಂದಂತೆ ಎಳೆದಾಡುತ್ತವೆ. ಆಯಾ ಕಂಪನಿಯ ಸ್ವಂತ ಪೆಟ್ಟಿಗೆಯಲ್ಲಿ ಅದು ನಡೆಯುತ್ತದೆ, ಹೊರಗಿನ ತಂತ್ರಾಂಶ ಎಡವುತ್ತದೆ.

ಎಚ್.264 ಇಡಬೇಕೋ ಎಚ್.265 ಇಡಬೇಕೋ? 265 ಡಿಸ್ಕ್ ಉಳಿಸುತ್ತದೆ, ಬಿಚ್ಚುವಾಗ ಹೆಚ್ಚು ದುಡಿಸುತ್ತದೆ. 264ರ ಮಾನಕ ಬಂದದ್ದು 2003ರಲ್ಲಿ, 265 ಬಂದದ್ದು 2013ರಲ್ಲಿ. ಹತ್ತು ವರ್ಷದ ಆ ಅಂತರ ಹಳೆಯ ಯಂತ್ರಗಳ ಮೇಲೆ ಎದ್ದು ಕಾಣುತ್ತದೆ. ಇಂಟೆಲ್‌ನ 6ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್ ಇದ್ದರೆ ಕಣ್ಣು ಮುಚ್ಚಿ 264 ಇಡಿ. ಹೊಸದಿದ್ದು ಡಿಸ್ಕ್ ಸಾಲದಿದ್ದರೆ ಮೇನ್‌ಗೆ ಮಾತ್ರ 265 ಇಟ್ಟು ನೋಡಿ. ಸಬ್ ಸ್ಟ್ರೀಮ್ ಯಾವಾಗಲೂ 264. ಮೊಬೈಲ್ ಮತ್ತು ಬ್ರೌಸರ್‌ಗಳು ಅದನ್ನು ತಕರಾರಿಲ್ಲದೆ ತೋರಿಸುತ್ತವೆ.

ಸಬ್ ಸ್ಟ್ರೀಮ್‌ಗೆ 640×360, ಸೆಕೆಂಡಿಗೆ 5ರಿಂದ 10 ಚಿತ್ರ, ಐ-ಫ್ರೇಮ್ ಅಂತರ ಅಷ್ಟೇ. ಕೆಲವು ಕ್ಯಾಮೆರಾ 704×576 ಎಂಬ ಹಳೆಯ ಗಾತ್ರ ತೋರಿಸುತ್ತವೆ. ಅದರ ಉದ್ದಗಲದ ಅನುಪಾತ ಮೇನ್‌ಗೆ ಹೊಂದುವುದಿಲ್ಲ, ಚಿತ್ರದಲ್ಲಿ ಮನುಷ್ಯರು ಸೊರಗಿ ಉದ್ದವಾಗಿ ಕಾಣುತ್ತಾರೆ. ಅನುಪಾತ ಹೊಂದುವ ಗಾತ್ರವಿದ್ದರೆ ಅದನ್ನೇ ಆರಿಸಿ.

ಕೊನೆಯದಾಗಿ ವಿದ್ಯುತ್ ಆವರ್ತನ. ನಮ್ಮ ದೇಶದ್ದು 50 ಹರ್ಟ್ಜ್. ಆನ್‌ಲೈನ್‌ನಲ್ಲಿ ತರಿಸಿದ ಕೆಲವು ಕ್ಯಾಮೆರಾಗಳು 60ರಲ್ಲಿ ಹೊಂದಿಸಿಕೊಂಡು ಬರುತ್ತವೆ. ಆಗ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಬೆಳಕು ನಡುಗುತ್ತದೆ. ಕಣ್ಣಿಗೆ ಅಷ್ಟೇನೂ ಅನಿಸುವುದಿಲ್ಲ, ಚಲನೆ ಹುಡುಕುವ ತಂತ್ರಾಂಶಕ್ಕೆ ಮಾತ್ರ ಇಡೀ ಪಡಸಾಲೆಯೇ ಕುಣಿಯುತ್ತಿರುವಂತೆ ಕಾಣುತ್ತದೆ. ರಾತ್ರಿಯಿಡೀ ಸುಳ್ಳು ಎಚ್ಚರಿಕೆ, ರಾತ್ರಿಯಿಡೀ ಹೊರೆ.

ಮೂರನೇ ಹೆಜ್ಜೆ: ಹಿಡಿ ಕಾಳು ನೋಡಲು ಕಲಿಸಿ

ಇಡೀ ಕೆಲಸದ ತಿರುಳು ಇದೇ. ಈಗ ತಂತ್ರಾಂಶಕ್ಕೆ ಹೇಳಬೇಕು: ಬರೆಯುವುದು ಮೇನ್, ನೋಡುವುದು ಸಬ್.

ಬ್ಲೂ ಐರಿಸ್‌ನಲ್ಲಿ ಕ್ಯಾಮೆರಾದ ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ ಮೇನ್ ವಿಳಾಸದ ಕೆಳಗೆ ಸಬ್ ಸ್ಟ್ರೀಮ್ ವಿಳಾಸಕ್ಕೂ ಜಾಗ ಇರುತ್ತದೆ. ಅದನ್ನು ತುಂಬಿದ ಮೇಲೆ ಚಲನೆ ಹುಡುಕುವುದು, ಹಲವು ಕ್ಯಾಮೆರಾ ಒಟ್ಟಿಗೆ ತೋರಿಸುವುದು ಎಲ್ಲವೂ ಸಣ್ಣ ಚಿತ್ರದ ಮೇಲೆ ನಡೆಯುತ್ತದೆ. ಒಂದು ಕ್ಯಾಮೆರಾವನ್ನು ದೊಡ್ಡದು ಮಾಡಿ ನೋಡಿದಾಗ ಮಾತ್ರ ಮೇನ್ ಬಿಚ್ಚಿಕೊಳ್ಳುತ್ತದೆ. ಫ್ರಿಗೇಟ್‌ನಲ್ಲಿ ಒಂದು ಕ್ಯಾಮೆರಾದ ಕೆಳಗೆ ಎರಡು ವಿಳಾಸ ಕೊಟ್ಟು, ಒಂದಕ್ಕೆ ರೆಕಾರ್ಡ್, ಇನ್ನೊಂದಕ್ಕೆ ಡಿಟೆಕ್ಟ್ ಎಂಬ ಪಾತ್ರ ಹಂಚಬೇಕು. ಡಿಟೆಕ್ಟ್‌ಗೆ ಸೆಕೆಂಡಿಗೆ 5 ಚಿತ್ರ ಸಾಕು, ಅದರ ಮೂಲ ಹೊಂದಾಣಿಕೆಯೂ ಅಷ್ಟೇ.

ಮಾಮಾನ ಮನೆಯಲ್ಲಿ ಒಂದೇ ವಿಳಾಸಕ್ಕೆ ಎರಡೂ ಪಾತ್ರ ಕೊಟ್ಟಿದ್ದರು. ತೋರಿಸಿದಾಗ ಅವರು, "ಅಳಿಯಾ, ಸಣ್ಣ ಚಿತ್ರ ನೋಡಿ ಅದು ಕಳ್ಳನನ್ನು ಹೇಗೆ ಗುರುತಿಸುತ್ತದೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. "ಮಾಮಾ, ಅದು ಗುರುತಿಸಬೇಕಾದದ್ದು ಯಾರೋ ಬಂದರು ಎಂಬುದನ್ನು ಮಾತ್ರ. ಬಂದವರು ಯಾರು ಎಂದು ನೋಡುವವರು ನೀವು, ನಿಮಗೆ ದೊಡ್ಡ ಚಿತ್ರವೇ ಉಳಿದಿರುತ್ತದೆ" ಎಂದೆ. ಆದರೂ ಅವರ ಅನುಮಾನದಲ್ಲಿ ಒಂದು ಸತ್ಯವಿದೆ. ದೂರದ ಗೇಟಿನ ಬಳಿ ನಿಂತವನು 640×360 ಚಿತ್ರದಲ್ಲಿ ಇರುವೆಯಷ್ಟಾಗುತ್ತಾನೆ. ಅಂತಹ ಒಂದು ಕ್ಯಾಮೆರಾಕ್ಕೆ ಮಾತ್ರ ಸಬ್ ಸ್ಟ್ರೀಮ್ 1280×720 ಇಡಿ. ಹೊರೆ ನಾಲ್ಕು ಪಟ್ಟಾಗುತ್ತದೆ, ಆದರೆ ಆ ಒಂದಕ್ಕೆ ಮಾತ್ರ.

ಸಬ್ ಸ್ಟ್ರೀಮ್ ಕೊಡದ ಹಳೆಯ ಕ್ಯಾಮೆರಾ ಇದ್ದರೆ ಬ್ಲೂ ಐರಿಸ್‌ನಲ್ಲಿ ಇನ್ನೊಂದು ಉಪಾಯವಿದೆ: ಅಗತ್ಯವಿಲ್ಲದಾಗ ಡಿಕೋಡಿಂಗ್ ಮಿತಗೊಳಿಸುವ ಆಯ್ಕೆ. ಅದು ಪೂರ್ಣ ಚಿತ್ರಗಳನ್ನು ಮಾತ್ರ ಬಿಚ್ಚುತ್ತದೆ, ನಡುವಿನ ಟಿಪ್ಪಣಿಗಳನ್ನು ಬಿಡುತ್ತದೆ. ಸೆಕೆಂಡಿಗೊಂದು ಪೂರ್ಣ ಚಿತ್ರ ಬರುವಂತೆ ಮೊದಲೇ ಮಾಡಿದ್ದು ಇದಕ್ಕೂ ಸೇರಿಯೇ. ಹತ್ತು ಸೆಕೆಂಡಿಗೊಂದು ಬರುತ್ತಿದ್ದರೆ ಕಳ್ಳ ಒಳಬಂದು ನಲ್ಲಿ ಬಿಚ್ಚುವವರೆಗೂ ತಂತ್ರಾಂಶ ನಿದ್ದೆ ಹೋಗಿರುತ್ತದೆ.

ನನ್ನ ಮನೆಯಲ್ಲಿ ಮೊದಲ ಮೂರು ಹೆಜ್ಜೆ ಮುಗಿದಾಗ ಬಳಕೆ ಶೇ 20ರ ಕೆಳಗೆ ಬಂತು. ಇಲ್ಲಿಗೇ ನಿಲ್ಲಿಸಿದರೂ ಬಹುತೇಕರಿಗೆ ಸಾಕು.

ಬೇವಿನ ಮರ, ಪರಸಿಯ ಹೊಳಪು, ಮಳೆಗಾಲದ ಹುಳು

ಚಲನೆ ಹುಡುಕುವುದಕ್ಕೇ ಸ್ವಲ್ಪ ಹೊರೆ. ಚಲನೆ ಸಿಕ್ಕ ಮೇಲೆ ಅದು ಮನುಷ್ಯನೋ ನಾಯಿಯೋ ಎಂದು ಕೃತಕ ಬುದ್ಧಿಮತ್ತೆಯಿಂದ ಕೇಳಿದರೆ ದೊಡ್ಡ ಹೊರೆ. ಆದ್ದರಿಂದ ಸುಳ್ಳು ಚಲನೆ ಕಡಿಮೆ ಮಾಡಿದಷ್ಟೂ ಲಾಭ.

ಹಿಂದಿನ ಓಣಿಯ ಕ್ಯಾಮೆರಾದಲ್ಲಿ ಬೇವಿನ ಕೊಂಬೆ ಮೇಲಿನ ಮೂಲೆಯನ್ನು ತುಂಬಿತ್ತು. ಗಾಳಿ ಬೀಸಿದರೆ ಕೊಂಬೆ, ಬಿಸಿಲು ಬಿದ್ದರೆ ಅದರ ನೆರಳು. ನೆರಳು ಬೀಳುವುದು ಶಹಾಬಾದ್ ಪರಸಿ ಹಾಸಿದ ಅಂಗಳದ ಮೇಲೆ. ಮಧ್ಯಾಹ್ನದಲ್ಲಿ ಆ ಕಲ್ಲು ಕಣ್ಣಿಗೆ ಹೊಡೆಯುವಷ್ಟು ಹೊಳೆಯುವುದರಿಂದ ನೆರಳು-ಬೆಳಕಿನ ವ್ಯತ್ಯಾಸ ಇನ್ನೂ ಹೆಚ್ಚು. ಕೊಂಬೆಯ ಭಾಗವನ್ನು ನೋಡದಂತೆ ತಂತ್ರಾಂಶದಲ್ಲಿ ಮಾಸ್ಕ್ ಎಳೆದು ಮುಚ್ಚಿದೆ. ನೆರಳಿನ ಜಾಗವನ್ನು ಮುಚ್ಚಲಾಗುವುದಿಲ್ಲ, ಜನ ನಡೆಯುವುದು ಅಲ್ಲೇ. ಅದಕ್ಕೆ ಚಲಿಸುವ ವಸ್ತುವಿನ ಕನಿಷ್ಠ ಗಾತ್ರ ಏರಿಸಿ, ಚಲನೆ ಕನಿಷ್ಠ ಒಂದು ಸೆಕೆಂಡ್ ಮುಂದುವರಿದರೆ ಮಾತ್ರ ಎಚ್ಚರಿಸು ಎಂದು ಇಟ್ಟೆ. ಆಮೇಲೆ ಏಣಿ ಹಾಕಿ ಎರಡು ಕೊಂಬೆ ಕಡಿದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕುಡುಗೋಲು ಎಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ರಾತ್ರಿಯ ಕಥೆ ಬೇರೆ. ಕತ್ತಲಲ್ಲಿ ಕ್ಯಾಮೆರಾ ತನ್ನ ಸೂಕ್ಷ್ಮತೆ ಏರಿಸಿಕೊಳ್ಳುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು ಕುದಿಯುತ್ತವೆ. ಅಂಗಳಕ್ಕೆ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿದರೆ ಈ ಕುದಿತ ತಗ್ಗುತ್ತದೆ. ಮಳೆಗಾಲದಲ್ಲಿ ಹುಳುಗಳು ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಮುತ್ತುತ್ತವೆ, ಹುಳುವಿನ ಹಿಂದೆ ಜೇಡ ಬರುತ್ತದೆ, ಗಾಜಿನ ಮುಂದೆ ಬಲೆ ಕಟ್ಟುತ್ತದೆ. ಲೆನ್ಸ್‌ಗೆ ಅಷ್ಟು ಹತ್ತಿರದ ಒಂದು ಎಳೆ ಪರದೆಯ ಮೇಲೆ ಹಗ್ಗದಷ್ಟು ದಪ್ಪ. ಹದಿನೈದು ದಿನಕ್ಕೊಮ್ಮೆ ಬಟ್ಟೆಯಿಂದ ಒರೆಸಿ. ಈ ಕೆಲಸಕ್ಕೆ ಯಾವ ತಂತ್ರಾಂಶವೂ ಇಲ್ಲ.

ನಿಮ್ಮ ಕ್ಯಾಮೆರಾ ಹೊಸದಾಗಿದ್ದರೆ ಮನುಷ್ಯ-ವಾಹನ ಗುರುತಿಸುವ ಶಕ್ತಿ ಅದರಲ್ಲೇ ಇರಬಹುದು. ಆಗ ನೋಡುವ ಕೆಲಸವನ್ನೂ ಅದಕ್ಕೇ ವಹಿಸಿ, ಆನ್‌ವಿಫ್ ಮೂಲಕ ಸುದ್ದಿಯನ್ನು ಮಾತ್ರ ಕಂಪ್ಯೂಟರ್‌ಗೆ ತರಿಸಿಕೊಳ್ಳಬಹುದು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಒಂದೇ ಭಾಷೆ ಮಾತನಾಡಲೆಂದು ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಹುಟ್ಟುಹಾಕಿದ ವ್ಯವಸ್ಥೆ ಅದು. ಬ್ಲೂ ಐರಿಸ್ ಈ ಸುದ್ದಿಯನ್ನು ಎಚ್ಚರಿಕೆಯಾಗಿ ಬಳಸಿಕೊಳ್ಳಬಲ್ಲದು.

ನಾಲ್ಕನೇ ಹೆಜ್ಜೆ: ಸುಮ್ಮನೆ ಕುಳಿತ ಗ್ರಾಫಿಕ್ಸ್‌ಗೆ ಕೆಲಸ ಕೊಡಿ

ಇಂಟೆಲ್ ಪ್ರೊಸೆಸರ್‌ಗಳಲ್ಲಿ 2011ರ ಎರಡನೇ ತಲೆಮಾರಿನಿಂದ ಕ್ವಿಕ್ ಸಿಂಕ್ ಎಂಬ ವಿಡಿಯೋ ಬಿಚ್ಚುವ-ತುಂಬುವ ಪ್ರತ್ಯೇಕ ಭಾಗವಿದೆ. ಎಚ್.264 ಅದಕ್ಕೆ ಮೊದಲಿನಿಂದಲೂ ಸುಲಭ. ಎಚ್.265 ಪೂರ್ತಿಯಾಗಿ ಬಂದದ್ದು 2015ರ 6ನೇ ತಲೆಮಾರಿನಲ್ಲಿ. ಹೆಸರಿನ ಕೊನೆಗೆ 'ಎಫ್' ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಈ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನು ತಂದವರು ಆಮೇಲೆ ಕೈ ಹಿಸುಕಿಕೊಳ್ಳುತ್ತಾರೆ.

ಬ್ಲೂ ಐರಿಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡ್ ಎಂಬಲ್ಲಿ ಇಂಟೆಲ್ ಆರಿಸಿ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು, ಎಂದರೆ ಗ್ರಾಫಿಕ್ಸ್, ಪುಟದಲ್ಲಿ ವಿಡಿಯೋ ಡಿಕೋಡ್ ಎಂಬ ಗೆರೆ ಏಳಬೇಕು. ಅದು ನೆಲಕ್ಕಂಟಿ ಮಲಗಿದ್ದರೆ ಕೆಲಸ ಇನ್ನೂ ಪ್ರೊಸೆಸರಿನ ತಲೆಯ ಮೇಲೆಯೇ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಮುಚ್ಚಿಬಿಡುತ್ತವೆ. ಬಯಾಸ್‌ನಲ್ಲಿ, ಎಂದರೆ ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ, ಅದನ್ನು ಮತ್ತೆ ತೆರೆಯಬೇಕು.

ಲಿನಕ್ಸ್‌ನಲ್ಲಿ ಫ್ರಿಗೇಟ್ ಡಾಕರ್ ಕಂಟೈನರ್ ಎಂಬ, ಪ್ರತ್ಯೇಕ ಕೋಣೆಯಂಥ ವ್ಯವಸ್ಥೆಯೊಳಗೆ ಓಡುತ್ತದೆ. ಗ್ರಾಫಿಕ್ಸ್ ಸಾಧನವನ್ನು ಕಂಟೈನರಿನ ಒಳಗೆ ಬಿಡದಿದ್ದರೆ ಸೆಟ್ಟಿಂಗ್ ಕಡತದಲ್ಲಿ ಏನು ಬರೆದರೂ ವ್ಯರ್ಥ. ಮಾಮಾನ ಮನೆಯಲ್ಲಿ ನನ್ನ ಅರ್ಧ ಭಾನುವಾರವನ್ನು ತಿಂದದ್ದು ಇದೇ. ಸಾಧನ ಒಳಬಂದ ಮೇಲೆ ವಿಎಎಪಿಐ ಎಂಬ ಸಿದ್ಧ ಹೊಂದಾಣಿಕೆ ಆರಿಸಿದರೆ ಸಾಕು. ಇಂಟೆಲ್‌ನ ಜಿಪಿಯು ಟಾಪ್ ಉಪಕರಣದಲ್ಲಿ ವಿಡಿಯೋ ಗೆರೆ ಅಲುಗಿದರೆ ಕೆಲಸವಾಯಿತು. ಮನುಷ್ಯ-ನಾಯಿ ಗುರುತಿಸುವ ಕೆಲಸವನ್ನು ಪ್ರೊಸೆಸರ್‌ಗೆ ಕೊಡಲೇಬೇಡಿ. 6ನೇ ತಲೆಮಾರಿನಿಂದ ಈಚಿನ ಇಂಟೆಲ್ ಇದ್ದರೆ ಓಪನ್‌ವಿನೋ ಎಂಬ ಇಂಟೆಲ್ ತಂತ್ರಾಂಶದ ಮೂಲಕ ಅದೇ ಒಳಗಿನ ಗ್ರಾಫಿಕ್ಸ್ ಈ ಕೆಲಸವನ್ನೂ ಮಾಡುತ್ತದೆ. ಇದಕ್ಕೆಂದು ಗೂಗಲ್‌ನ ಕೋರಲ್ ಎಂಬ ಸಣ್ಣ ಯುಎಸ್‌ಬಿ ಸಾಧನವೂ ಇದೆ. ನಾಲ್ಕೈದು ಕ್ಯಾಮೆರಾದ ಮನೆಗೆ ಅದಕ್ಕಾಗಿ ಹಣ ಹಾಕುವ ಅಗತ್ಯ ನನಗೆ ಕಾಣಲಿಲ್ಲ.

ಇದನ್ನು ನಾಲ್ಕನೆಯದಾಗಿ ಇಟ್ಟದ್ದಕ್ಕೆ ಕಾರಣವಿದೆ. ಎಲ್ಲರೂ ಇದನ್ನೇ ಮೊದಲು ಮಾಡುತ್ತಾರೆ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದು ಹಾಕುತ್ತಾರೆ. ಸಬ್ ಸ್ಟ್ರೀಮ್ ಸರಿಯಾಗಿ ಹೊಂದಿಸಿದ ಮೇಲೆ ಇದರಿಂದ ಸಿಗುವುದು ಚಿಲ್ಲರೆ ಲಾಭ. ಕಾರ್ಡ್ ಮಾತ್ರ ಹಗಲಿರುಳು ವಿದ್ಯುತ್ ಕುಡಿಯುತ್ತದೆ. 40 ವಾಟ್ ಹೆಚ್ಚುವರಿ ಎಂದರೆ ತಿಂಗಳಿಗೆ ಸುಮಾರು 29 ಯೂನಿಟ್.

ನೋಡುವವರೂ ಹೊರೆಯೇ

ಬ್ಲೂ ಐರಿಸ್‌ನ ಕಿಟಕಿಯನ್ನು ಪರದೆಯ ಮೇಲೆ ಸದಾ ತೆರೆದಿಟ್ಟರೆ ಅದಕ್ಕೂ ಪ್ರೊಸೆಸರ್ ಬೇಕು. ಅದನ್ನು ವಿಂಡೋಸ್ ಸರ್ವಿಸ್ ಆಗಿ, ಎಂದರೆ ಹಿನ್ನೆಲೆಯಲ್ಲಿ, ಓಡಿಸಿ, ಕಿಟಕಿ ಮುಚ್ಚಿ. ರೆಕಾರ್ಡಿಂಗ್ ನಿಲ್ಲುವುದಿಲ್ಲ. ಅವ್ವನಿಗೆ ಅಡುಗೆಮನೆಯಿಂದ ಗೇಟು ಕಾಣಬೇಕಿತ್ತು. ಹಳೆಯ ಟ್ಯಾಬ್ಲೆಟ್ ಒಂದನ್ನು ಗೋಡೆಗೆ ಸಿಗಿಸಿ, ನೇರವಾಗಿ ಕ್ಯಾಮೆರಾದ ಸಬ್ ಸ್ಟ್ರೀಮನ್ನು ಅದಕ್ಕೆ ಕೊಟ್ಟೆ. ಕಂಪ್ಯೂಟರ್‌ಗೆ ಅದರ ಸುದ್ದಿಯೇ ಇಲ್ಲ. ದೂರದ ಊರಿನಲ್ಲಿರುವ ತಂಗಿ ಮೊಬೈಲ್‌ನಲ್ಲಿ ನೋಡುವಾಗ ಮಾತ್ರ ಹೊರೆ ಸ್ವಲ್ಪ ಏರುತ್ತದೆ, ಅವಳು ಅವ್ವನನ್ನು ನೋಡಲಿ ಬಿಡಿ ಎಂದು ಸುಮ್ಮನಿದ್ದೇನೆ.

ವಿಂಡೋಸ್‌ನ ಬೇಡದ ಚಾಕರಿ

ರೆಕಾರ್ಡಿಂಗ್ ಬರೆಯುವ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ, ಇಲ್ಲದಿದ್ದರೆ ದಿನಕ್ಕೆ ಇನ್ನೂರು ಜಿಬಿಯನ್ನು ಅದು ಮೂಸಿ ನೋಡುತ್ತದೆ. ಅದೇ ಫೋಲ್ಡರ್‌ಗೆ ಸರ್ಚ್ ಇಂಡೆಕ್ಸಿಂಗ್ ಬೇಡ. ವಿಂಡೋಸ್ ಒಂದು ಸಣ್ಣ ಎಸ್‌ಎಸ್‌ಡಿ ಮೇಲೆ, ರೆಕಾರ್ಡಿಂಗ್ ಬೇರೆ ಹಾರ್ಡ್ ಡಿಸ್ಕ್ ಮೇಲೆ. ರ‍್ಯಾಮ್‌ನ ಒಂದು 8 ಜಿಬಿ ಪಟ್ಟಿಯ ಬದಲು ಎರಡು 4 ಜಿಬಿ ಪಟ್ಟಿ ಹಾಕಿದರೆ ಒಳಗಿನ ಗ್ರಾಫಿಕ್ಸ್‌ಗೆ ಉಸಿರು ಸಿಗುತ್ತದೆ. ವೈಫೈ ಕ್ಯಾಮೆರಾ ಪದೇ ಪದೇ ಕಡಿದುಹೋಗುತ್ತಿದ್ದರೆ ಅದನ್ನು ಮತ್ತೆ ಮತ್ತೆ ಕರೆಯುವುದರಲ್ಲೇ ತಂತ್ರಾಂಶ ದಣಿಯುತ್ತದೆ. ಸಾಧ್ಯವಾದರೆ ತಂತಿ ಎಳೆಯಿರಿ.

ಬಿಸಿಲು ಮತ್ತು ಧೂಳು

ಮೊದಲು ಬರೆದಿಟ್ಟ ಗಿಗಾಹರ್ಟ್ಜ್ ಅಂಕಿಗಳನ್ನು ಈಗ ತೆಗೆಯಿರಿ. ಬೆಳಿಗ್ಗೆ 3.2 ಇದ್ದದ್ದು ಮಧ್ಯಾಹ್ನ 2ಕ್ಕೆ ಕುಸಿದಿದ್ದರೆ ನಿಮ್ಮ ಪ್ರೊಸೆಸರ್ ಬಿಸಿಗೆ ಬಾಗಿ ನಿಧಾನವಾಗಿದೆ. ಅನೇಕ ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ವೇಗ ತಗ್ಗಿದಾಗ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಬೇಕು, ಆದ್ದರಿಂದ ಬಳಕೆಯ ಶೇಕಡಾವಾರು ಏರಿದಂತೆ ಕಾಣುತ್ತದೆ. ಸೆಟ್ಟಿಂಗ್ ಎಷ್ಟು ತಿರುಚಿದರೂ ಇದಕ್ಕೆ ಮದ್ದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಕಲ್ಲಿನ ಚಾವಣಿ ರಾತ್ರಿ ಹನ್ನೊಂದರವರೆಗೂ ಕಾವು ಉಗುಳುತ್ತದೆ. ಮೆಟ್ಟಿಲ ಕೆಳಗಿನ ಗೂಡಿಗೆ ನಾನು ಕದ ಬೇರೆ ಹಾಕಿಸಿದ್ದೆ, ಧೂಳು ಬರಬಾರದೆಂದು. ಧೂಳು ಬಂದೇ ಬಂತು, ಬಿಸಿ ಹೊರಗೆ ಹೋಗಲಿಲ್ಲ. ಕದ ತೆಗೆದು ಜಾಳಿಗೆಯದ್ದು ಹಾಕಿಸಿದೆ. ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರಿನ ಕಾವು ಹೀರುವ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ, ಆಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಗಾಳಿಗೆ ಅದು ಹುಚ್ಚಾಗಿ ತಿರುಗಬಾರದು. ಐದಾರು ವರ್ಷದ ಯಂತ್ರವಾದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಒರೆಸಿ, ಕಡಲೆಕಾಳಿನಷ್ಟು ಹೊಸದು ಹಾಕಿ. ಧೂಳು ತೆಗೆಯುವ ಕೆಲಸವನ್ನು ಯುಗಾದಿಗೆ ಮುಂಚೆ ಒಮ್ಮೆ, ದಸರೆಯ ಆಯುಧಪೂಜೆಗೆ ಒಮ್ಮೆ ಮಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಪೂಜೆಗೆ ಹೇಗೂ ಒರೆಸುತ್ತೇವಲ್ಲ.

ಬೇಸಿಗೆಯ ಕೂಲರ್ ಬಗ್ಗೆ ಒಂದು ಎಚ್ಚರಿಕೆ. ಕೋಣೆ ತಂಪಾಗುವುದು ಒಳ್ಳೆಯದೇ, ಆದರೆ ಕೂಲರಿನ ತೇವದ ಗಾಳಿಯನ್ನು ನೇರವಾಗಿ ಕಂಪ್ಯೂಟರಿನ ಮುಖಕ್ಕೆ ಹಿಡಿಯಬೇಡಿ. ಧೂಳು ಮತ್ತು ತೇವ ಸೇರಿದರೆ ಒಳಗೆ ಕೆಸರಾಗುತ್ತದೆ. ನೆರೆಮನೆಯ ಕಾಕಾ ಹೀಗೆಯೇ ಒಂದು ಮದರ್‌ಬೋರ್ಡ್ ಕಳೆದುಕೊಂಡರು.

ಎಲ್ಲ ಮುಗಿದ ಮೇಲೆ ಅದೇ ಮೂರು ಹೊತ್ತಿನ ಅಂಕಿಗಳನ್ನು ಹೊಸದಾಗಿ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನ ಪುಟದಲ್ಲಿ ಈಗ ಮಧ್ಯಾಹ್ನ ಎರಡಕ್ಕೆ ಶೇ 14 ಇದೆ. ಒಂದು ಸಂಜೆ ಗೇಟಿನಿಂದ ಅಂಗಳ ದಾಟಿ ನಲ್ಲಿಯವರೆಗೆ ನಾನೇ ಕಳ್ಳನಂತೆ ನಡೆದು, ಬಗ್ಗಿ ನಲ್ಲಿ ತಿರುಗಿಸಿ, ವಾಪಸು ಹೋಗಿ ರೆಕಾರ್ಡಿಂಗ್ ನೋಡಿದೆ. ಒಂದು ಹೆಜ್ಜೆಯೂ ಬಿಟ್ಟಿರಲಿಲ್ಲ. ಮೊಬೈಲ್‌ಗೆ ಎಚ್ಚರಿಕೆ ಬಂದದ್ದು ಅವ್ವನಿಗೂ ಕೇಳಿಸಿತ್ತು. "ಯಾರೋ ಬಂದಿದ್ದಾರೆ ನೋಡಪ್ಪಾ" ಎಂದಳು.